ಗಡಿಯಾಚೆಯ ಚಿರತೆಗೆ ಅರ್ಧ ಬೆಲೆಯ ಕೇಪು

ಬಬಲೇಶ್ವರದ ಮೋಟಾರು ಬೆಳಿಗ್ಗೆ ಏಳಕ್ಕೆ ಬಿಡುತ್ತದೆ ಎಂದು ಹೇಳಿದ್ದರು. ಇದ್ದಿಲಿಗೆ ಕಾವು ಹತ್ತಿ ಅದು ಸ್ಟೇಷನ್ ರಸ್ತೆಯಿಂದ ಅಲುಗಾಡಿದಾಗ ಎಂಟೂವರೆ ದಾಟಿತ್ತು. ಯುದ್ಧ ಮುಗಿದಿತ್ತು, ಪೆಟ್ರೋಲು ಮಾತ್ರ ಇನ್ನೂ ಸರಿಯಾಗಿ ಸಿಗುತ್ತಿರಲಿಲ್ಲ. ಮೋಟಾರಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಒಲೆಯೊಂದನ್ನು ಬಿಗಿದು, ಅದರಲ್ಲಿ ಇದ್ದಿಲು ಸುಟ್ಟು, ಬಂದ ಗ್ಯಾಸಿನಿಂದ ಎಂಜಿನ್ ಓಡಿಸುತ್ತಿದ್ದ ಕಾಲ ಅದು. ಏರು ಬಂದರೆ ಗಂಡಸರೆಲ್ಲ ಇಳಿದು ದೂಡಬೇಕು. ಟಿಕೇಟಿಗೆ ಆರು ಆಣೆ. ದೂಡಿದವರಿಗೆ ಏನೂ ಕಡಿಮೆ ಮಾಡುತ್ತಿರಲಿಲ್ಲ.

ನಾನು ಆಗ ವಿಜಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಕಾಲೇಜು ಮುಗಿಸಿ ಮೂರು ವರ್ಷವಾಗಿತ್ತು. ಆ ಬೆಳಿಗ್ಗೆ ಇಬ್ರಾಹಿಂಪುರದ ಬಾಡಿಗೆ ಕೋಣೆಯಿಂದ ರೈಲು ಹಳಿಯ ಗುಂಟ ನಡೆದು ಬಂದಾಗ ಮೈಬೂಬಸಾಬರು ತಮ್ಮ ಅಂಗಡಿಗೆ ಕೀಲಿ ಹಾಕುತ್ತಿದ್ದರು. ಸ್ಟೇಷನ್ ರಸ್ತೆಯಲ್ಲಿ ಅವರದು ನಾಲ್ಕು ಹೆಜ್ಜೆ ಅಗಲದ ಅಂಗಡಿ. ಬೀಗ, ಸ್ಟೋವು, ಗಡಿಯಾರ, ಸುತ್ತಲ ಹಳ್ಳಿಯ ಗೌಡರ ಬಂದೂಕು, ಎಲ್ಲವನ್ನೂ ರಿಪೇರಿ ಮಾಡುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಬೆರಳುಗಳು ಉದ್ದ, ತೆಳ್ಳಗೆ. ಎಣ್ಣೆಯ ಕಪ್ಪು ಉಗುರಿನ ಸಂದಿ ಬಿಟ್ಟು ಹೋಗುತ್ತಿರಲಿಲ್ಲ. ಸಾಸಿವೆ ಕಾಳಿನಷ್ಟು ಸಣ್ಣ ಸ್ಕ್ರೂವನ್ನು ಎರಡು ಬೆರಳಲ್ಲಿ ಎತ್ತಿ ಕೂರಿಸುವುದನ್ನು ನೋಡಲೆಂದೇ ನಾನು ಎಷ್ಟೋ ಸಂಜೆ ಅಲ್ಲಿ ಕುಳಿತಿದ್ದೇನೆ.

ನನ್ನ ಕೈಯ ಚೀಲ ನೋಡಿ ಅವರು ನಕ್ಕರು. "ಮಾಸ್ತರ, ನೀವು ಬ್ಯಾಟಿಗಿ ಹೊಂಟಾಂಗ ಕಾಣಂಗಿಲ್ಲ. ಮಾವನ ಮನಿಗಿ ಹಬ್ಬಕ್ಕ ಹೊಂಟಾಂಗ ಐತಿ."

ಬೇಟೆಯ ಹುಚ್ಚು ಹತ್ತಿಸಿದ್ದು ಲೈಬ್ರರಿಯ ಒಂದು ಇಂಗ್ಲಿಷ್ ಪುಸ್ತಕ. ಸಾಹೇಬನೊಬ್ಬ ಪರಸಂಸ್ಥಾನದ ಅಡವಿಗೆ ಹುಲಿ ಹೊಡೆಯಲು ಹೋದ ಕಥೆ. ದರಬಾರದ ಪರವಾನಗಿ, ಬಾಡಿಗೆ ಆನೆ, ಆರು ಡೇರೆ, ಇಬ್ಬರು ಅಡುಗೆಯವರು, ಪೊದೆ ಬಡಿದು ಹುಲಿ ಸೋಹುವುದಕ್ಕೆ ನಲವತ್ತು ಆಳು. ಕೊನೆಯ ಪುಟದಲ್ಲಿ ಅವನೇ ಖರ್ಚಿನ ಪಟ್ಟಿ ಕೊಟ್ಟಿದ್ದ. ನನ್ನ ನಾಲ್ಕು ವರ್ಷದ ಪಗಾರು ಅದಕ್ಕೆ ಸಾಲುತ್ತಿರಲಿಲ್ಲ. ಅದನ್ನು ಅಂಗಡಿಯಲ್ಲಿ ಓದಿ ಹೇಳಿದಾಗ ಮೈಬೂಬಸಾಬರು ಗಡಿಯಾರದಿಂದ ತಲೆ ಎತ್ತದೆ, "ಇಷ್ಟ ರೊಕ್ಕದಾಗ ನಾ ಹುಲಿಗಿ ಒಂದ ಮನಿ ಕಟ್ಟಿಸಿ ಕೊಡ್ತಿದ್ದೆ. ಅದರ ಪಾಡಿಗೆ ಅದು ಇರ್ತಿತ್ತು," ಎಂದಿದ್ದರು.

ಆದರೆ ನಮ್ಮಂಥವರಿಗೂ ಒಂದು ಪರಸಂಸ್ಥಾನವಿತ್ತು. ಆಗ ವಿಜಾಪುರ ಮುಂಬಯಿ ಪ್ರಾಂತದಲ್ಲಿತ್ತು. ಟಿಕೋಟಾದಿಂದ ಪಶ್ಚಿಮಕ್ಕೆ ಕೆಲವು ಹರದಾರಿ ಹೋದರೆ ಜತ್ತ ಸಂಸ್ಥಾನದ ಸೀಮೆ. ಮೈಬೂಬಸಾಬರ ಅಂಗಡಿಗೆ ಬಂದೂಕು ತರುತ್ತಿದ್ದ ಬಬಲೇಶ್ವರದ ರೈತ ಮಲಕಪ್ಪನ ಅಕ್ಕ ಬಾಳವ್ವನನ್ನು ಆ ಸೀಮೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಅಲ್ಲಿನ ಹಳ್ಳದಲ್ಲಿ ಚಿರತೆ ಸೇರಿಕೊಂಡು ತಿಂಗಳೊಳಗೆ ಅವಳ ಮೂರು ಆಡು ಒಯ್ದಿತ್ತು. ಆ ಊರ ಗೌಡ, 'ಬಂದೂಕು ಇದ್ದವರನ್ನು ಕರೆತರುವುದಕ್ಕೆ ನಮ್ಮ ಒಪ್ಪಿಗೆ ಇದೆ' ಎಂದು ಬರೆದುಕೊಟ್ಟಿದ್ದ. ಮಲಕಪ್ಪನ ಹತ್ತಿರ ಬೆಳೆ ಕಾಯುವುದಕ್ಕೆ ಕೊಟ್ಟ ಲೈಸೆನ್ಸಿನ ಕೇಪಿನ ಬಂದೂಕು ಇತ್ತು: ಬಾಯಿಂದ ಮದ್ದು ಸುರಿದು, ಚಿಂದಿ ತುರುಕಿ, ಗುಂಡು ಹಾಕಿ, ಮೇಲೆ ಮತ್ತೆ ಚಿಂದಿಯಿಟ್ಟು, ಗಜ ಎಂಬ ಉದ್ದ ಸಲಾಕೆಯಿಂದ ಜಡಿದು ತುಂಬುವ ಹಳೆಯ ಜಾತಿ. ಕುದುರೆ ಎಳೆದು ಬಿಟ್ಟರೆ ಅದು ತಾಮ್ರದ ಸಣ್ಣ ಟೊಪ್ಪಿಗೆಯಂಥ ಕೇಪಿನ ಮೇಲೆ ಬಡಿದು ಕಿಡಿ ಹಾರಿಸಬೇಕು. ಆನೆ ಇಲ್ಲ, ಡೇರೆ ಇಲ್ಲ. ಉಣ್ಣುವುದು, ಮಲಗುವುದು ಅಕ್ಕನ ಮನೆಯಲ್ಲಿ. ಮೂವರಿಗೂ ಕೈಗೆಟುಕುವ ಬೇಟೆ ಅದೊಂದೇ.

ಕೇಪು ಮಾತ್ರ ಕೊಳ್ಳಬೇಕಿತ್ತು. ಹೊಸ ಡಬ್ಬಿ ಪೇಟೆಯಲ್ಲಿ ಸಿಗುತ್ತಿರಲಿಲ್ಲ, ಸಿಕ್ಕರೂ ಬೆಲೆ ಮುಟ್ಟುವಂತಿರಲಿಲ್ಲ. ಸಂತೆಯ ಗುಜರಿಯವನ ಹತ್ತಿರ ನಾನು ಒಂದು ಹಳೆ ಡಬ್ಬಿ ಅರ್ಧ ಬೆಲೆಗೆ ತಂದೆ. ಮೈಬೂಬಸಾಬರು ಅಂಗಡಿಯಲ್ಲೇ ಎರಡನ್ನು ಬಡಿದು ನೋಡಿದರು. ಒಂದು ಸಿಡಿಯಿತು, ಒಂದು ಸುಮ್ಮನಿತ್ತು.

"ಇವು ಎಲ್ಲೋ ಮಳಿ ತಿಂದಾವ್ರಿ ಮಾಸ್ತರ. ಅರ್ಧಾ ರೊಕ್ಕ, ಅರ್ಧಾ ಕೇಪು. ಗುಜರಿಯಾಂವ ಮೋಸಾ ಮಾಡಿಲ್ಲ."

ಸಾರವಾಡದ ಹತ್ತಿರ ಡೋಣಿ ದಾಟುವಾಗ ಮೋಟಾರು ನಿಂತಿತು. ಒಲೆ ಕೆದಕಿ ಮತ್ತೆ ಹಚ್ಚುವವರೆಗೆ ನಾವು ದಂಡೆಯ ಮೇಲೆ ಕುಳಿತೆವು. ಹೊಳೆಯಲ್ಲಿ ಮೊಣಕಾಲುದ್ದ ನೀರು, ಬಾಯಿಗೆ ಹಾಕಿದರೆ ಉಪ್ಪು. ಎರಡೂ ಕಡೆ ಕರಿ ಮಣ್ಣಿನ ಮೇಲೆ ಬಿಳಿಜೋಳ ಆಳುದ್ದ ನಿಂತಿತ್ತು, ಅದರ ಅಂಚಿಗೆ ಕುಸುಬಿಯ ಹಳದಿ. ಸಂಕ್ರಾಂತಿ ಮುಗಿದು ವಾರವಾಗಿತ್ತು. ಬಿಸಿಲು ಹತ್ತಿದರೂ ಗಾಳಿ ತಣ್ಣಗೆ ಬೀಸುತ್ತಿತ್ತು. ಬಬಲೇಶ್ವರ ಮುಟ್ಟಿದಾಗ ಹನ್ನೊಂದಾಗಿತ್ತು.

ಮಲಕಪ್ಪ ಮೋಟಾರು ನಿಲ್ಲುವಲ್ಲೇ ಕಟ್ಟೆಯ ಮೇಲೆ ಕುಳಿತಿದ್ದ. ಐವತ್ತರ ಹತ್ತಿರದ, ಗಿಡ್ಡ, ಗಟ್ಟಿ ಆಳು. ಪಕ್ಕದಲ್ಲಿ ಕೌದಿಯಲ್ಲಿ ಸುತ್ತಿದ ಬಂದೂಕು. ಮನೆಗೆ ಕರೆದುಕೊಂಡು ಹೋಗಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ಬಡಿಸಿದ. ಹೊರಡುವಾಗ ದೇವರ ಜಗಲಿಯ ಮೇಲಿನ ಭಂಡಾರದ ಚೀಲದಿಂದ, ಅಂದರೆ ದೇವರ ಅರಿಸಿನದಿಂದ, ಒಂದು ಹಿಡಿ ಕಟ್ಟಿಕೊಂಡ. ನಾನು ಅದನ್ನು ಭಕ್ತಿ ಎಂದುಕೊಂಡೆ. ಭಕ್ತಿ ಇತ್ತು, ಆದರೆ ಅಷ್ಟೇ ಇರಲಿಲ್ಲ. ಅದು ನನಗೆ ತಿಳಿದದ್ದು ನಾಲ್ಕನೆಯ ದಿನ.

ಕಾಖಂಡಕಿಯಿಂದ ಟಿಕೋಟಾಕ್ಕೆ ಕುಸುಬಿ ಎಣ್ಣೆಯ ಡಬ್ಬಿ ಒಯ್ಯುತ್ತಿದ್ದ ಬಂಡಿಯಲ್ಲಿ ನಮಗೆ ಜಾಗ ಸಿಕ್ಕಿತು. ಬಾಡಿಗೆ ಕೇಳಲಿಲ್ಲ, ಬಂದೂಕು ಜೊತೆಗಿದ್ದರೆ ತೋಳದ ಹೆದರಿಕೆ ಇಲ್ಲವೆಂದು ಬಂಡಿಯವನೇ ಕೂರಿಸಿಕೊಂಡ. ಹನ್ನೆರಡು ಮೈಲು, ಸಂಜೆಯವರೆಗೆ. ದಾರಿಯಲ್ಲಿ ಒಬ್ಬ ರೈತ ಹೊಲದ ಬದುವಿನಲ್ಲಿ ಕುಳ್ಳಿನ ಬೆಂಕಿಗೆ ಜೋಳದ ಹಾಲುದೆನೆ ಸುಟ್ಟು ಸೀತನಿ ಬಡಿಯುತ್ತಿದ್ದ. ನಮ್ಮನ್ನು ಕೂಗಿ ಕರೆದು, ಮೂವರ ಟವಲಿನಲ್ಲೂ ಬೊಗಸೆ ಬೊಗಸೆ ಸುರಿದು, ಮೇಲೆ ಬೆಲ್ಲದ ತುಣುಕು ಇಟ್ಟ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಆ ಬಿಸಿ ಕಾಳಿನ ರುಚಿ ಆಮೇಲೆ ಎಷ್ಟು ಸೀತನಿ ತಿಂದರೂ ನನಗೆ ಸಿಕ್ಕಿಲ್ಲ.

ಟಿಕೋಟಾದ ಗುಡಿಯ ಪಡಸಾಲೆಯಲ್ಲಿ ಮಲಗಿ, ಬೆಳಿಗ್ಗೆ ಸಂತೆಯಲ್ಲಿ ಬಾಳವ್ವನನ್ನು ಹುಡುಕಿದೆವು. ಬೆಣ್ಣೆ ಮಾರಲು ಊರ ಬಂಡಿಯಲ್ಲಿ ಬಂದಿದ್ದಳು. ತಮ್ಮನಿಗಿಂತ ಒಂದು ಗೇಣು ಎತ್ತರ, ಹಣೆಯ ತುಂಬ ಕುಂಕುಮ, ಮಾತು ಹರಿತ. ಮೊದಲು ತಮ್ಮನನ್ನು ನೋಡಿದಳು, ಆಮೇಲೆ ನನ್ನ ಬೂಟು.

"ಈ ಬೂಟಿನಾಂವ ಯಾರೋ ಮಲಕ್ಯಾ?"

"ಸಾಲಿ ಮಾಸ್ತರ ಬೇ. ಬಿಎಸ್ಸಿ ಆಗ್ಯಾನ."

"ಚಿರತಿಗಿ ಸಾಲಿ ಕಲಸಾಕ ಬಂದಾನೇನ?"

ಮೈಬೂಬಸಾಬರು ನಕ್ಕದ್ದಕ್ಕೆ ಅವರಿಗೂ ಪಾಲು ಬಂತು. "ನೀ ನಗಬ್ಯಾಡೋ ಯಪ್ಪಾ. ನಿನ್ನ ಮೈಮ್ಯಾಲ ಚಿರತಿ ತಿನ್ನೂವಷ್ಟ ಮಾಂಸಾನೂ ಇಲ್ಲ."

ಮಧ್ಯಾಹ್ನ ಬಂಡಿ ಸೀಮೆಯ ಕಲ್ಲು ದಾಟಿತು. ಸುಣ್ಣ ಬಳಿದ, ಮೊಣಕಾಲೆತ್ತರದ ಕಲ್ಲು. ಆಚೆಗೂ ಅದೇ ಮಣ್ಣು, ಅದೇ ಜಾಲಿ. ನಾನು ಬಂಡಿಯಿಂದ ಇಳಿದು ಒಂದು ಕಾಲು ಈಚೆ, ಒಂದು ಕಾಲು ಆಚೆ ಇಟ್ಟು ನಿಂತೆ. ಪುಸ್ತಕದ ಸಾಹೇಬನಿಗೆ ಸಾವಿರಾರು ರೂಪಾಯಿಗೆ ಸಿಕ್ಕ ಪರಸಂಸ್ಥಾನ ನನಗೆ ಒಂದು ಡಬ್ಬಿ ಹಳೆ ಕೇಪಿಗೆ ಸಿಕ್ಕಿತ್ತು.

ಹಳ್ಳಿ ಮುಟ್ಟಿದ ಕೂಡಲೇ ಗೌಡ ಒಂದು ತೊಡಕು ಹೇಳಿದ. ಬಂದೂಕಿನ ಲೈಸೆನ್ಸು ಬೇರೆ ಸೀಮೆಯದಾದ್ದರಿಂದ ಒಂದು ಹರದಾರಿ ಆಚೆಯ ಠಾಣೆಗೆ ಕಾಗದ ತೋರಿಸಿ ಬರಬೇಕು. ಮರಾಠಿ ಚೆನ್ನಾಗಿ ಬಲ್ಲವರು ಮೈಬೂಬಸಾಬರೊಬ್ಬರೇ. ಅವರು ಲೈಸೆನ್ಸು, ಪತ್ರ ಹಿಡಿದು ಗೌಡನ ಜೊತೆ ಹೋದರು, ಆ ರಾತ್ರಿ ಅಲ್ಲೇ ಉಳಿದರು. ಅವರು ನಮ್ಮ ಜೊತೆ ಇರದ ಆ ಒಂದು ಸಂಜೆಯನ್ನು ನಾನು ಇಷ್ಟು ವರ್ಷ ತಿರುಗಿ ತಿರುಗಿ ನೋಡುತ್ತಿದ್ದೇನೆ.

ಠಾಣೆಯ ಒಪ್ಪಿಗೆಗೆ ಕಾಯದೆ ಆ ಸಂಜೆಯೇ ಕುಳಿತೆವು, ಮಲಕಪ್ಪನ ಪಾಳಿ. ಒಂದೇ ಬಂದೂಕು, ಮೂವರು. ಕಡ್ಡಿ ಎತ್ತಿ ಪಾಳಿ ಹಚ್ಚಿಕೊಂಡಿದ್ದೆವು. ಮೊದಲ ದಿನ ಮಲಕಪ್ಪ, ಎರಡನೆಯ ದಿನ ಮೈಬೂಬಸಾಬರು, ಮೂರನೆಯ ದಿನ ನಾನು. ಹಳ್ಳದ ದಂಡೆಗೆ ಕಲ್ಲು ಒಟ್ಟಿ, ಜಾಲಿಕಂಟಿ ಮುಚ್ಚಿ, ಇಬ್ಬರು ಕೂರುವಷ್ಟು ಮರೆ ಮಾಡಿದ್ದೆವು. ಮಲಕಪ್ಪ ಅಲ್ಲೇ ಬಂದೂಕು ತುಂಬಿ, ಗಜ ಜಡಿದು, ಕಣ್ಣು ಮುಚ್ಚಿ, ನಳಿಗೆಯ ಬಾಯಿಗೆ ಹೆಬ್ಬೆರಳಿಂದ ಭಂಡಾರ ಹಚ್ಚಿದ. ಚಿರತೆ ಬರಲಿಲ್ಲ. ಕತ್ತಲಾದಾಗ ಕೇಪು ತೆಗೆದು, ಬಂದೂಕು ತಂದು ಬಾಳವ್ವನ ಮನೆಯ ಮೂಲೆಗೆ ನಿಲ್ಲಿಸಿದ. ಹಾರಿಸಿ ಖಾಲಿ ಮಾಡಬಹುದಿತ್ತು. ಆದರೆ ಸುಮ್ಮನೆ ಮದ್ದು ಸುಡುವುದು ನಮ್ಮಂಥವರಿಗೆ ಗಿಟ್ಟುವ ಮಾತಲ್ಲ.

ಮರುದಿನ ಬೆಳಿಗ್ಗೆ ಬಾಳವ್ವ ಕೊಟ್ಟ ಆಡಿನ ಹಾಲಿನ ಚಹಾ ಕುಡಿದು, ನಾನು ಬಂದೂಕು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಪುಸ್ತಕದಲ್ಲಿ ಸಾಹೇಬ ಬರೆದಿದ್ದ: ಆಯುಧಕ್ಕೆ ಯಾವ ವಾಸನೆಯೂ ಇರಬಾರದು, ಕಾಡುಪ್ರಾಣಿ ಗಾಳಿಯಲ್ಲಿ ಎಲ್ಲವನ್ನೂ ಓದುತ್ತದೆ. ಅರಿಸಿನದ ವಾಸನೆ ನನ್ನ ಮೂಗಿಗೇ ಬಡಿಯುತ್ತಿತ್ತು. ಕರವಸ್ತ್ರಕ್ಕೆ ಒಂದು ಹನಿ ಎಣ್ಣೆ ಹಾಕಿ ನಳಿಗೆಯನ್ನು ಬುಡದಿಂದ ಬಾಯಿಯವರೆಗೆ ಒರೆಸಿದೆ. ಹಳದಿ ಪೂರ್ತಿ ಹೋಗುವವರೆಗೆ ತಿಕ್ಕಿದೆ. ಮಲಕಪ್ಪ ಆಗ ಊರಿನವರನ್ನು ಕೂಡಿಸಲು ಹೋಗಿದ್ದ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಿಂದ ಕರವಸ್ತ್ರ ಒಗೆದು ಬೇಲಿಗೆ ಹಾಕಿದೆ.

ಮೈಬೂಬಸಾಬರು ಠಾಣೆಯಿಂದ ಮೂರು ಗಂಟೆಗೆ ಬಂದು, ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಬಂದೂಕು ಹೆಗಲಿಗೆ ಹಾಕಿ ನೇರ ಮರೆಗೆ ನಡೆದರು. ಮಲಕಪ್ಪ ಊರಿನ ಹತ್ತು ಜನರೊಂದಿಗೆ ಹಳ್ಳದ ಆಚೆ ದಿಬ್ಬದ ಹಿಂದೆ ಕಾದಿದ್ದ, ಚಿರತೆ ಆ ಕಡೆ ಏರದಂತೆ. ನಾನು ಬಾಳವ್ವನ ಹತ್ತಿರ ಆಡಿನ ಮರಿ ತರಲು ಹೋದೆ. ಕಪ್ಪು ಮರಿ, ಒಂದು ಕಿವಿ ಬಿಳಿ. ಹಗ್ಗ ನನ್ನ ಕೈಗೆ ಕೊಡುವಾಗ ಅವಳು ಬಿಡಲಿಲ್ಲ.

"ಇದರ ತಾಯಿನ್ನ ಅದ ಒಯ್ದೈತಿ. ಇದು ಸಂಜಿಗಿ ನನ್ನ ಮನಿಗಿ ಬರಬೇಕು ನೋಡಪಾ ಮಾಸ್ತರ. ಚಿರತಿ ಸತ್ತರ ಸಾಯ್ಲಿ, ಬಿಟ್ಟರ ಬಿಡ್ಲಿ."

ಮರಿಯನ್ನು ಮರೆಯಿಂದ ಹದಿನೈದು ಹೆಜ್ಜೆ ದೂರ ಗೂಟಕ್ಕೆ ಕಟ್ಟಿ ತಿರುಗಿದೆ. ಮೈಬೂಬಸಾಬರು ನಳಿಗೆಯಿಂದ ಗಜ ಹೊರಗೆಳೆದು ಅದರ ಜಾಗಕ್ಕೆ ಸಿಕ್ಕಿಸುತ್ತಿದ್ದರು. ಬಂದೂಕಿನಲ್ಲಿ ನಿನ್ನೆಯ ಗುಂಡು ಇದೆಯೆಂದು ನನಗೆ ಗೊತ್ತಿತ್ತು. ರಾತ್ರಿ ಸಡಿಲಾಗಿರಬೇಕು, ಜಡಿದು ಗಟ್ಟಿ ಮಾಡುತ್ತಿದ್ದಾರೆ ಎಂದುಕೊಂಡೆ. ಒಂದು ಮಾತು ಕೇಳಲಿಲ್ಲ. ಬಲ್ಲವರ ಕೆಲಸದಲ್ಲಿ ಬಾಯಿ ಹಾಕಬಾರದು ಎಂಬ ಸೌಜನ್ಯ. ಅವರ ಪಕ್ಕಕ್ಕೆ ಭುಜಕ್ಕೆ ಭುಜ ತಾಗಿಸಿ ಕುಳಿತೆ. ನಳಿಗೆಯ ಬುಡಕ್ಕೂ ನನ್ನ ಮುಖಕ್ಕೂ ಒಂದು ಗೇಣು.

ಡಬ್ಬಿಯಿಂದ ಹೊಳಪಿರುವ ಒಂದು ಕೇಪು ಆರಿಸಿ ಕೂರಿಸಿ ಅವರು ಪಿಸುಗುಟ್ಟಿದರು. "ಇದು ಅರ್ಧಾ ರೊಕ್ಕದ ಮೊದಲನೇ ಅರ್ಧಾನೋ, ಎರಡನೇ ಅರ್ಧಾನೋ."

ಮರಿ ಕೂಗುತ್ತಿತ್ತು. ಬಿಸಿಲು ಹಳ್ಳದ ಆಚೆಯ ಕಲ್ಲಿನ ಮೇಲೆ ಕೆಂಪಾಯಿತು. ಮರಿಯ ಕೂಗು ಒಮ್ಮೆಲೆ ನಿಂತಿತು. ಚಿರತೆ ಬಂದದ್ದನ್ನು ನಾನು ನೋಡಲಿಲ್ಲ. ನೋಡಿದಾಗ ಅದು ಅಲ್ಲಿ ಇತ್ತು. ಜಾಲಿಯ ನೆರಳಿನಲ್ಲಿ ಹೊಟ್ಟೆ ನೆಲಕ್ಕೆ ಹಚ್ಚಿ, ಬಾಲದ ತುದಿಯನ್ನಷ್ಟೇ ಅಲುಗಿಸುತ್ತ, ಮರಿಯನ್ನು ನೋಡುತ್ತಿತ್ತು. ನಾನು ಚಿತ್ರದಲ್ಲಿ ಕಂಡದ್ದಕ್ಕಿಂತ ಸಣ್ಣದು, ಬಣ್ಣ ಮಾತ್ರ ಯಾವ ಚಿತ್ರದಲ್ಲೂ ಬಂದಿಲ್ಲ. ಮೈಬೂಬಸಾಬರು ಕೆನ್ನೆಯನ್ನು ಬಂದೂಕಿಗೆ ಒತ್ತಿದರು. ಎಡಗೈ ನಳಿಗೆಯ ಕೆಳಗೆ, ಉದ್ದ ಬೆರಳುಗಳು ಅದನ್ನು ಸುತ್ತಿದ್ದವು. ಕುದುರೆ ಎಳೆದರು. ಬಿಟ್ಟರು.

ಟಿಕ್.

ಚಿರತೆ ತಲೆ ಎತ್ತಿ ನಮ್ಮ ಮರೆಯ ಕಡೆ ನೋಡಿತು. ಅವರು ಉಸಿರು ಬಿಡದೆ ಕುದುರೆಯನ್ನು ಮತ್ತೆ ಎಳೆದು ಬಿಟ್ಟರು. ಮತ್ತೆ ಟಿಕ್. ಚಿರತೆ ಎದ್ದು, ಒಂದೇ ನೆಗೆತಕ್ಕೆ ಮರಿಯನ್ನು ದಾಟಿ, ಹಳ್ಳದ ಗುಂಟ ಹೊರಟಿತು. ಇಪ್ಪತ್ತು ಮೂವತ್ತು ಹೆಜ್ಜೆ ಹೋಗಿ ಬೆನ್ನು ನಮ್ಮ ಕಡೆ ಮಾಡಿಕೊಂಡು ನಿಂತಿತು, ಅವಸರವೇ ಇಲ್ಲದಂತೆ.

ನಾನು ಅವರ ತೋಳು ಹಿಡಿದು, "ಇನ್ನೊಮ್ಮೆ ಸಾಹೇಬ್ರ, ಇನ್ನೊಮ್ಮೆ," ಎಂದೆ.

ಅವರು ಬಂದೂಕು ಇಳಿಸಿದರು. "ನಡುವ ಮರಿ ಐತ್ರಿ. ಬಾಳವ್ವಗ ಏನ್ ಹೇಳೂದು?"

ಚಿರತೆ ತಿರುವಿನಲ್ಲಿ ಮರೆಯಾಯಿತು. ಮೈಬೂಬಸಾಬರು ಕೇಪನ್ನು ಉಗುರಿನಿಂದ ಕಿತ್ತು, ಗುಜರಿಯವನ ಮುಖಕ್ಕೆ ಹಿಡಿಯಲೆಂದು ಅಂಗಿಯ ಕಿಸೆಗೆ ಹಾಕಿಕೊಂಡರು.

ಆ ಸಂಜೆ ಊರು ನಮ್ಮನ್ನು ಬೈಯಲಿಲ್ಲ, ನಕ್ಕಿತು. ಮರಿಯ ಮೈ ಸವರಿ ಒಳಗೆ ಕಟ್ಟಿದ ಮೇಲೆ ಬಾಳವ್ವ ಜೋಳದ ನುಚ್ಚು, ಮಜ್ಜಿಗೆ ಬಡಿಸುತ್ತ, "ಮೂರು ಮಂದಿ, ಎರಡು ಊರಿನಿಂದ, ಮೂರು ದಿನಾ ನಡದು ಬಂದು ಚಿರತಿಗಿ ಟಿಕ್ ಅಂದ್ರಂತ. ಇಷ್ಟ ಅನ್ನಾಕ ನಮ್ಮ ಮನ್ಯಾಗ ಹಲ್ಲಿ ಇದ್ದಿಲ್ಲೇನು?" ಎಂದಳು. ಮಲಕಪ್ಪ ನನ್ನ ಕಡೆ ಬೆರಳು ಮಾಡಿದ. "ಕೇಪು ತಂದಾಂವ ಇಂವ, ಅಕ್ಕಾ. ಲೆಕ್ಕಾ ಕಲ್ತಾನ, ನಾಕ ಆಣೆ ಉಳಿಸಿದ."

ಡಬ್ಬಿಯ ಮೇಲಿನ ನಂಬಿಕೆ ಮೂವರಿಗೂ ಹೋಗಿತ್ತು. ನನ್ನ ಪಾಳಿಯ ದಿನವನ್ನು ನಾನೇ ಬಿಟ್ಟುಕೊಟ್ಟೆ. ಟಿಕೋಟಾದಿಂದ ಮೋಟಾರಿನಲ್ಲಿ ವಿಜಾಪುರಕ್ಕೆ ಹೋಗಿ, ಅಂಗಡಿಯಲ್ಲಿ ಮದ್ದು ಗುಂಡು ತೆಗೆಸಿಕೊಂಡು, ಮಲಕಪ್ಪ ಅಲ್ಲಿಂದ ಬಬಲೇಶ್ವರದ ಮೋಟಾರು ಹಿಡಿಯುವುದೆಂದು ಠರಾವಾಯಿತು. ಗುಂಡು ತೆಗೆಯುವ ತಿರುಪಿನ ಸಲಾಕೆ ಅಂಗಡಿಯಲ್ಲಿತ್ತು. ಹೊರಡುವಾಗ ಬಾಳವ್ವ ಐದು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಮೈಬೂಬಸಾಬರ ಕೈಗೆ ಕೊಟ್ಟಳು. "ಮರಿ ಉಳಿಸಿದಿ. ನೀ ಉಣ್ಣು. ಮಾಸ್ತರಗ ಉಳದರ ಕೊಡು."

ಟಿಕೋಟಾದಿಂದ ವಿಜಾಪುರಕ್ಕೆ ಐದು ಆಣೆ. ಮೋಟಾರು ತುಂಬಿತ್ತು. ಹಿಂದಿನ ಕೊನೆಯ ಬೆಂಚಿನಲ್ಲಿ, ಇದ್ದಿಲಿನ ಒಲೆಗೆ ಬೆನ್ನು ಹಚ್ಚಿ ಕುಳಿತೆವು. ಕೌದಿಯಲ್ಲಿ ಸುತ್ತಿದ ಬಂದೂಕು ನನ್ನ ಮೊಣಕಾಲುಗಳ ನಡುವೆ, ಅದರ ಬಾಯಿ ನನ್ನ ಗದ್ದದ ಪಕ್ಕ. ಒಲೆಯ ಕಿಡಿ ಕಿಟಕಿಯ ಹೊರಗೆ ಹಾರುತ್ತಿದ್ದವು. ದಾರಿಯುದ್ದಕ್ಕೂ ಮಲಕಪ್ಪ ನನ್ನ ಕೇಪಿನ ಕಥೆಯನ್ನು ಕಂಡವರಿಗೆಲ್ಲ ಹೇಳಿದ. ಏರಿನಲ್ಲಿ ಇಳಿದು ದೂಡುವಾಗಲೂ ಹೇಳಿದ. ನಾನೂ ನಕ್ಕೆ. ದೂರಕ್ಕೆ ಗೋಲಗುಮ್ಮಟದ ಬೆನ್ನು ಕಂಡಾಗ, ಮುಂದಿನ ವರ್ಷ ಹೊಸ ಕೇಪಿನೊಂದಿಗೆ ಮತ್ತೆ ಹೋಗುವುದೆಂದು ಮೂವರೂ ಮಾತು ಕೊಟ್ಟುಕೊಂಡೆವು. ಆ ಹದಿಮೂರು ಮೈಲು ನನ್ನ ಆಯುಷ್ಯದ ಬಹಳ ಸುಖದ ಪ್ರಯಾಣಗಳಲ್ಲಿ ಒಂದು. ಈಗ ಅದನ್ನು ನೆನೆದರೆ ನನ್ನ ಗದ್ದ ತಾನಾಗಿ ಪಕ್ಕಕ್ಕೆ ಸರಿಯುತ್ತದೆ.

ಅಂಗಡಿ ತೆರೆದಾಗ ಮಧ್ಯಾಹ್ನ. ಮಲಕಪ್ಪ ಹೊಸ್ತಿಲ ಮೇಲೆ ಕುಳಿತು ಎಲೆ ಅಡಿಕೆ ಬಿಚ್ಚಿದ. ಮೈಬೂಬಸಾಬರು ನಳಿಗೆಯೊಳಗೆ ತಿರುಪು ಇಳಿಸಿ, ತಿರುವಿ, ಚಿಂದಿ ಎಳೆದರು. ಗುಂಡು ಉರುಳಿ ಬಂತು. ಕೆಳಗಿನ ಚಿಂದಿ ತೆಗೆದು, ಕಾಗದದ ಮೇಲೆ ಮದ್ದು ಸುರಿದರು. ಬಂದೂಕು ಪಕ್ಕಕ್ಕೆ ಇಡಬೇಕು, ಇಡಲಿಲ್ಲ. ಗಜವನ್ನು ನಳಿಗೆಯೊಳಗೆ ಬಿಟ್ಟರು. ಅದು ಬುಡ ಮುಟ್ಟದೆ ನಾಲ್ಕು ಬೆರಳು ಮೇಲೆಯೇ ನಿಂತಿತು. ಮತ್ತೆ ತಿರುಪು ಇಳಿಸಿದರು. ಇನ್ನೊಂದು ಚಿಂದಿ ಬಂತು, ನೀಲಿ ಗೀರಿನದು. ಇನ್ನೊಂದು ಗುಂಡು. ಅದರ ಕೆಳಗೆ ಇನ್ನಷ್ಟು ಮದ್ದು.

"ಇದು ನನ್ನ ಅಂಗಿ ಚಿಂದಿ," ಎಂದ ಮಲಕಪ್ಪ. ಎಲೆ ಬಾಯಿಯವರೆಗೆ ಹೋಗಿ ನಿಂತಿತ್ತು. "ನಾ ತುಂಬಿದ್ದು. ಮ್ಯಾಲಿಂದು ಯಾರದು?"

"ನಂದು," ಎಂದರು ಮೈಬೂಬಸಾಬರು.

"ತುಂಬಿದ ಬಂದೂಕ ಮತ್ತ ತುಂಬಿದೇನೋ? ಬಾಯಿಗಿ ಭಂಡಾರ ಹಚ್ಚಿದ್ದೆ. ನಮ್ಮ ಮನ್ಯಾಗ ಹೆಣ್ಣ ಹುಡುಗರಿಗೂ ಗೊತ್ತೈತಿ, ಹಳದಿ ಇದ್ದರ ಹೊಟ್ಟಿ ತುಂಬೇತಿ ಅಂತ."

"ನನಗೂ ಗೊತ್ತೈತಿ ಮಲಕಪ್ಪಣ್ಣ. ಹಳದಿ ಇದ್ದಿಲ್ಲ. ಇದ್ದಿಲ್ಲ ಅಂತನ ತುಂಬಿದೆ."

ಇಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. "ನಾನು ಒರೆಸಿದೆ," ಎಂದೆ. ಪುಸ್ತಕದ ಸಾಹೇಬ, ವಾಸನೆ, ಕರವಸ್ತ್ರ, ಎಲ್ಲ ಹೇಳಿದೆ. ಗಜ ಹೊರಗೆಳೆಯುವುದನ್ನು ಕಂಡೂ ಕೇಳಲಿಲ್ಲವೆಂದೂ ಹೇಳಿದೆ.

ಮಲಕಪ್ಪ ಎಲೆಯನ್ನು ಸಂಚಿಗೆ ಮರಳಿ ಹಾಕಿ, "ತುಂಬಿದ ಬಂದೂಕ ಮೂಲಿಗಿ ನಿಲ್ಲಿಸಿ ಹ್ವಾದಾಂವ ನಾನು. ಒಂದ ಗುಂಡಿನ ಮದ್ದಿಗಿ ಆಶಾ ಬಿದ್ದೆ," ಎಂದ.

"ಗಜ ಬಿಟ್ಟು ನೋಡದ ತುಂಬಿದಾಂವ ನಾನು," ಎಂದರು ಮೈಬೂಬಸಾಬರು. "ಇಪ್ಪತ್ತ ವರ್ಷ ಈ ಕೆಲಸಾ ಮಾಡೇನಿ. ಮಾಸ್ತರಗ ಯಾರ ಹೇಳಿದ್ದರು, ಭಂಡಾರ ಅಂದ್ರ ಏನಂತ? ನೀ ಹೇಳಿಲ್ಲ, ನಾ ಹೇಳಿಲ್ಲ."

ಹೀಗೆ ತಪ್ಪನ್ನು ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡರು. ನನಗೆ ಅದು ಬೈಗುಳಕ್ಕಿಂತ ಭಾರವಾಗಿತ್ತು.

ಮೈಬೂಬಸಾಬರು ಕಾಗದದ ಮೇಲಿನ ಎರಡು ಗುಪ್ಪೆ ಮದ್ದನ್ನು ನೋಡಿದರು. ನಳಿಗೆಯ ಬುಡದಲ್ಲಿ ಹಳೆಯ ತುಕ್ಕು ತಿಂದು ತೆಳ್ಳಗಾದ ಜಾಗವನ್ನು ಉಗುರಿನಿಂದ ತೋರಿಸಿದರು. "ಎರಡೂ ಕೂಡೇ ಹತ್ತಿದ್ದರ ಇಲ್ಲೇ ಹರೀತಿತ್ತು," ಎಂದರು, ಸ್ಟೋವಿನ ಸೋರಿಕೆ ಹೇಳಿದ ಹಾಗೆ. ಅವರ ಎಡಗೈ ಇದ್ದ ಜಾಗ ಅದು. ಅದರಿಂದ ಒಂದು ಗೇಣು ಪಕ್ಕಕ್ಕೆ ನನ್ನ ಕಣ್ಣು ಇದ್ದವು.

"ಗುಜರಿಯಾಂವಗ ಒಂದ ಟೆಂಗಿನಕಾಯಿ ಒಡಸೋಣು," ಎಂದ ಮಲಕಪ್ಪ. "ಕೇಪು ಸತ್ತಿತ್ತು, ನೀವು ಉಳದ್ರಿ."

ಆಗ ಮೈಬೂಬಸಾಬರಿಗೆ ಕಿಸೆಯಲ್ಲಿದ್ದ ಕೇಪು ನೆನಪಾಯಿತು. ಹೊರಗೆ ತೆಗೆದು ಬೆಳಕಿಗೆ ಹಿಡಿದರು. ಎರಡು ಪೆಟ್ಟಿನ ಕುಳಿ ಅದರ ತಲೆಯ ಮೇಲೆ ಕಾಣುತ್ತಿತ್ತು. ಯಾಕೆ ಹಾಗೆ ಮಾಡಿದರೋ ಅವರಿಗೂ ತಿಳಿಯಲಿಲ್ಲವೆಂದು ಆಮೇಲೆ ಹೇಳಿದರು, ಕೈಗೆ ರೂಢಿ. ಮದ್ದಿನ ಕಾಗದವನ್ನು ದೂರ ಇಟ್ಟು, ಖಾಲಿ ನಳಿಗೆಯನ್ನು ರಸ್ತೆಯ ಆಕಾಶಕ್ಕೆ ಎತ್ತಿ, ಆ ಕೇಪನ್ನೇ ಕೂರಿಸಿ, ಕುದುರೆ ಎಳೆದು ಬಿಟ್ಟರು.

ಅದು ಸಿಡಿಯಿತು. ಸಣ್ಣ ಸಪ್ಪಳ, ಚಿಟಿಕೆ ಹೊಗೆ. ಎದುರಿನ ಟಾಂಗಾದ ಕುದುರೆ ಕಿವಿ ನಿಮಿರಿಸಿತು, ಅಷ್ಟೇ.

ಕೇಪು ಸತ್ತಿರಲಿಲ್ಲ. ಮೊದಲಿನ ಎರಡು ಪೆಟ್ಟು ಅದನ್ನು ಗಟ್ಟಿಯಾಗಿ ಕೂರಿಸಿದ್ದವು ಅಷ್ಟೇ, ಅದು ಮೂರನೆಯದಕ್ಕೆ ಕಾದಿತ್ತು. ಮೂರನೆಯ ಪೆಟ್ಟು ಹಾಕಿ ಎಂದು ತೋಳು ಹಿಡಿದು ಬೇಡಿದವನು ನಾನು. ನಡುವೆ ಒಂದು ಕಪ್ಪು ಮರಿ ಇದೆ ಎಂದು ಕೈ ಇಳಿಸಿದವರು ಅವರು.

ಮೈಬೂಬಸಾಬರು ಬಂದೂಕನ್ನು ಗೋಡೆಗೆ ಒರಗಿಸಿ ಹಲಗೆಯ ಮೇಲೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಅರ ತೆಗೆದುಕೊಂಡು ಗಜಕ್ಕೆ ಎರಡು ಗೀರು ಹಾಕಿದರು. ನಳಿಗೆ ಖಾಲಿ ಇದ್ದರೆ ಗಜ ಎಲ್ಲಿಯವರೆಗೆ ಇಳಿಯಬೇಕು, ತುಂಬಿದ್ದರೆ ಎಲ್ಲಿಯವರೆಗೆ. ಮಲಕಪ್ಪ ಎದ್ದು ಹೋಗಿ ಮೂರು ಕಪ್ಪು ಚಹಾ ತಂದ. ಆ ದಿನ ಅವನು ನಾಲ್ಕಾಣೆಯ ಮಾತು ಮತ್ತೆ ಎತ್ತಲಿಲ್ಲ. ಮತ್ತೆ ಯಾವತ್ತೂ ಎತ್ತಲಿಲ್ಲ.

ಮುಂದಿನ ವರ್ಷ ನಾವು ಹೋಗಲಿಲ್ಲ. ಚಿರತೆ ಸುಗ್ಗಿಯ ಹೊತ್ತಿಗೆ ತಾನಾಗಿ ಆ ಹಳ್ಳ ಬಿಟ್ಟಿತೆಂದೂ, ಬಿಳಿ ಕಿವಿಯ ಮರಿ ಎರಡು ಸಲ ಈಯಿತೆಂದೂ ಬಾಳವ್ವ ಹೇಳಿ ಕಳಿಸಿದಳು. ಆಮೇಲೆ ಸಂಸ್ಥಾನಗಳು ಹೋದವು. ಸೀಮೆಯ ಕಲ್ಲನ್ನು ಯಾರೋ ಕಿತ್ತು ಬಾವಿಯ ಕಟ್ಟೆಗೆ ಹಾಕಿದ್ದನ್ನು ನಾನೇ ನೋಡಿದೆ. ಮಲಕಪ್ಪನೂ ಇಲ್ಲ, ಮೈಬೂಬಸಾಬರೂ ಇಲ್ಲ. ಸಾಹೇಬನ ಪುಸ್ತಕ ಲೈಬ್ರರಿಯಲ್ಲಿ ಇರಬಹುದು. ನಾನು ಮತ್ತೆ ತೆಗೆಯಲಿಲ್ಲ. ಇವತ್ತಿಗೂ ಯಾರಾದರೂ ಪಕ್ಕದಲ್ಲಿ ಕಡ್ಡಿಪೆಟ್ಟಿಗೆ ಗೀರಿ ಅದು ಹತ್ತದೆ, ಮತ್ತೆ ಗೀರಿ ಹತ್ತದೆ ಹೋದರೆ, ಮೂರನೆಯ ಗೀರಿಗೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಆ ಸಂಜೆ ಮಲಕಪ್ಪನನ್ನು ಬಬಲೇಶ್ವರದ ಮೋಟಾರಿಗೆ ಹತ್ತಿಸಿ, ಬಂದೂಕಿನ ಗಂಟು ಮೇಲೆ ಕೊಟ್ಟು, ನಾನು ಇಬ್ರಾಹಿಂಪುರದ ಕಡೆ ತಿರುಗಿದೆ. ರೈಲು ಹಳಿಯ ಹತ್ತಿರ ಹೋಗಿ ಹಿಂತಿರುಗಿ ನೋಡಿದೆ. ಸ್ಟೇಷನ್ ರಸ್ತೆಯಲ್ಲಿ ದೀಪ ಹಚ್ಚುತ್ತಿದ್ದರು. ಮೈಬೂಬಸಾಬರು ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ನಾನು ತಿರುಗಿದ್ದು ಕಂಡು ಎಡಗೈ ಎತ್ತಿದರು. ಅಷ್ಟು ದೂರದಿಂದಲೂ ನಾನು ಎಣಿಸಿದೆ. ಐದು ಬೆರಳೂ ಇದ್ದವು.